ಮಾತ್ರೆ ಅಲ್ಲ, ಇಂಜೆಕ್ಷನ್

“ಮಾತ್ರೆ ಏನಾದ್ರೂ ತಗೋತಿದೀರಾ?”

ನಮ್ಮ ಆಸ್ಪತ್ರೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಕೇಳಿಬರುತ್ತದೋ ಈ ಪ್ರಶ್ನೆ. ಬಿ.ಪಿ. ನೋಡುವ ಸಿಸ್ಟರ್ ಕೇಳುತ್ತಾರೆ, ಆಮೇಲೆ ಡಾಕ್ಟರು ಕೇಳುತ್ತಾರೆ, ಹಲ್ಲು ಕೀಳಿಸಲು ಹೋದರೆ ಅಲ್ಲಿಯೂ ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ನಮ್ಮ ಮೈಯೊಳಗೆ ಹೋಗುತ್ತಿರುವ ಎಲ್ಲ ಔಷಧಗಳ ಲೆಕ್ಕ. ಆದರೆ ಆಡುಮಾತಿನಲ್ಲಿ ಮಾತ್ರೆ ಎಂದರೆ ಮಾತ್ರೆಯೇ. ದಿನಾ ನುಂಗುವುದು, ಊಟಕ್ಕೆ ಮೊದಲೋ ಆಮೇಲೋ ಎಂದು ಚೀಟಿಯಲ್ಲಿ ಗುರುತು ಹಾಕಿರುವುದು. ಕಣ್ಣಿಗೆ ಬಿಡುವ ಹನಿ ಅದರಲ್ಲಿ ಬರುವುದಿಲ್ಲ. ಅಜ್ಜಿ ಕಾಯಿಸಿಕೊಡುವ ಕಷಾಯ ಬರುವುದಿಲ್ಲ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಹೊಕ್ಕುಳಿನಿಂದ ಎರಡಿಂಚು ಆಚೆ ನಾನೇ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಅಂತೂ ಬರುವುದೇ ಇಲ್ಲ.

ಹಳೆಯ ಕನ್ನಡ ವೈದ್ಯಗ್ರಂಥಗಳ ಪರಿಭಾಷೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವವಳಾದ್ದರಿಂದ ಇಂಥ ಪದಗಳ ಮುಂದೆ ಸ್ವಲ್ಪ ಹೊತ್ತು ನಿಂತುಬಿಡುವುದು ನನ್ನ ಚಾಳಿ. ಸಂಸ್ಕೃತದ ‘ಮಾತ್ರಾ’ ಎಂದರೆ ಅಳತೆ. ಛಂದಸ್ಸಿನಲ್ಲಿ ನಾವು ಎಣಿಸುವ ಮಾತ್ರೆಯೂ ಅದೇ. ಇಷ್ಟು ಎಂದು ಅಳೆದು ಕೊಟ್ಟದ್ದೆಲ್ಲ ಒಂದು ಕಾಲಕ್ಕೆ ಮಾತ್ರೆಯೇ ಆಗಿದ್ದಿರಬೇಕು. ಈಗ ಅದು ಬೆಳ್ಳಗಿನ ದುಂಡನೆಯ ಒಂದು ವಸ್ತುವಾಗಿ ಕುಗ್ಗಿದೆ. ಪದ ಕುಗ್ಗಿದರೆ ಉತ್ತರವೂ ಕುಗ್ಗುತ್ತದೆ. ಥೀಸಿಸ್ಸಿನಲ್ಲಿ ಇದು ಒಂದು ಅಡಿಟಿಪ್ಪಣಿಯ ಸರಕು, ಆಸ್ಪತ್ರೆಯಲ್ಲಿ ಮಾತ್ರ ಹಾಗಲ್ಲ.

ನಾನು ಇಂಜೆಕ್ಷನ್ ಶುರು ಮಾಡಿದ್ದು 2025ರ ಜುಲೈನಲ್ಲಿ. ಆಗ ನನ್ನ ತೂಕ 91 ಕೆ.ಜಿ., ಎತ್ತರ ಐದಡಿ ಮೂರಿಂಚು. ಹದಿನೇಳರಿಂದ ಪಿಸಿಓಎಸ್, ಇಪ್ಪತ್ತೆರಡರಿಂದ ಥೈರಾಯ್ಡ್. ಡಯಟ್, ವಾಕಿಂಗ್, ರಾತ್ರಿ ಬರೀ ಮುದ್ದೆ, ರಾತ್ರಿ ಮುದ್ದೆಯೂ ಇಲ್ಲ, ಎಲ್ಲ ಆಗಿತ್ತು. ಆ ಕಥೆ ಎಲ್ಲರ ಮನೆಯಲ್ಲೂ ಒಬ್ಬರದ್ದಾದರೂ ಇರುವುದರಿಂದ ಬಿಡುತ್ತೇನೆ. ಮೌಂಜಾರೋ ಎಂಬ ಹೆಸರಿನಲ್ಲಿ ಈ ಔಷಧ ಭಾರತಕ್ಕೆ ಬಂದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಬಂದಾಗಿನ ಬೆಲೆ 2.5 ಮಿಲಿಗ್ರಾಂನ ಒಂದು ವಯಲ್‌ಗೆ 3500 ರೂಪಾಯಿ, 5 ಮಿಲಿಗ್ರಾಂನದಕ್ಕೆ 4375. ವಾರಕ್ಕೊಂದು ಬೇಕು. ನನ್ನ ಫೆಲೋಶಿಪ್ ತಿಂಗಳಿಗೆ 42,000. ಲೆಕ್ಕ ನೀವೇ ಹಾಕಿಕೊಳ್ಳಿ. ಪುಸ್ತಕ ಕೊಳ್ಳುವುದನ್ನು ನಿಲ್ಲಿಸಿದ್ದೇನೆ ಎಂದರೆ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಯಾರೂ ನಂಬುವುದಿಲ್ಲ, ಆದರೆ ನಿಲ್ಲಿಸಿದ್ದೇನೆ.

ಆಗ ನನ್ನ ಹತ್ತಿರ ಆಗಲೇ ನಾಲ್ಕು ಬಗೆಯ ಮಾತ್ರೆಗಳಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಥೈರಾಕ್ಸಿನ್, 100 ಮೈಕ್ರೋಗ್ರಾಂ. ಎರಡು ಹೊತ್ತು ಊಟದ ಜೊತೆ ಮೆಟ್‌ಫಾರ್ಮಿನ್. ಮುಟ್ಟನ್ನು ತಿಂಗಳಿಗೆ ಸರಿಯಾಗಿ ತರಿಸಲು ಹಾರ್ಮೋನ್ ಮಾತ್ರೆ, ಅಂದರೆ ಗರ್ಭನಿರೋಧಕ ಮಾತ್ರೆಯೇ. ಜೊತೆಗೆ ರಕ್ತ ಕಡಿಮೆ ಎಂದು ಕಬ್ಬಿಣದ್ದು. ಬರೆದುಕೊಟ್ಟವರು ಮೂರು ಜನ, ಮೂರು ಫೈಲು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿರಲಿಲ್ಲ. ಇಂಜೆಕ್ಷನ್ ಬರೆದ ಡಾಕ್ಟರು ನಾಲ್ಕನೆಯವರು. ಅವರು ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ ಎಂದು ಕೇಳಿದರು. ಮೆಡ್ಯುಲರಿ ಎಂಬ ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದರೆ ಈ ಔಷಧ ಕೊಡುವುದಿಲ್ಲ. ಪ್ಯಾಂಕ್ರಿಯಾಸ್ ಊತ, ಪಿತ್ತಕೋಶದ ಕಲ್ಲಿನ ಬಗ್ಗೆ ಕೇಳಿದರು. ಮದುವೆ ಆಗಿದೆಯಾ ಎಂದರು, ಇಲ್ಲ ಎಂದೆ. ಪುಟ ತಿರುಗಿಸಿದರು.

ಪುಟ ತಿರುಗಿದ ಆ ಸದ್ದಿನ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಈ ಔಷಧ ಹೊಟ್ಟೆಯಲ್ಲಿ ಏನು ಮಾಡುತ್ತದೆ ಎಂಬುದು ಗೊತ್ತಾಗಬೇಕು.

ನಮ್ಮೂರ ಕಡೆ ಕೆರೆ ನೋಡಿದವರಿಗೆ ತೂಬು ಗೊತ್ತಿರುತ್ತದೆ. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಗದ್ದೆಗೆ ಹೋಗುವುದು ತೂಬು ತೆರೆದಷ್ಟು. ಜಠರವನ್ನು ಕೆರೆ ಎಂದುಕೊಂಡರೆ ಸಣ್ಣಕರುಳು ಗದ್ದೆ. ನುಂಗಿದ ಮಾತ್ರೆಗಳಲ್ಲಿ ಹೆಚ್ಚಿನವು ರಕ್ತಕ್ಕೆ ಸೇರುವುದು ಆ ಗದ್ದೆಯಲ್ಲಿ, ಕೆರೆಯಲ್ಲಲ್ಲ. ಈ ಇಂಜೆಕ್ಷನ್ ಮೆದುಳಿಗೆ ಹೊಟ್ಟೆ ತುಂಬಿದೆ ಎಂದು ಹೇಳುವುದರ ಜೊತೆಗೆ ತೂಬನ್ನೂ ಅರ್ಧ ಮುಚ್ಚುತ್ತದೆ. ಎರಡು ಇಡ್ಲಿಗೆ ಮಧ್ಯಾಹ್ನದವರೆಗೂ ಹಸಿವಾಗದಿರುವುದು ಅದಕ್ಕೇ. ಆದರೆ ತೂಬಿಗೆ ಇಡ್ಲಿ ಯಾವುದು ಮಾತ್ರೆ ಯಾವುದು ಎಂದು ಗೊತ್ತಿಲ್ಲ. ಎರಡನ್ನೂ ತಡೆಯುತ್ತದೆ.

ಎಷ್ಟು ತಡೆಯುತ್ತದೆ ಎಂಬುದಕ್ಕೆ ಅಂಕಿಗಳಿವೆ. ಡಬ್ಬಿಯೊಳಗೆ ಮಡಿಸಿ ಮಡಿಸಿ ಇಟ್ಟಿರುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರಗಳ ಉದ್ದನೆಯ ಹಾಳೆ, ಅದನ್ನು ಯಾರೂ ಓದುವುದಿಲ್ಲ. ಅಕ್ಷರ ಅಳಿಸಿಹೋದ ಓಲೆಗರಿಗಳನ್ನು ಭೂತಗನ್ನಡಿ ಹಿಡಿದು ಓದುವುದೇ ಕಸುಬಾದ ನನಗೆ ಅದು ಅಂಥ ಕಷ್ಟದ್ದೇನೂ ಅನ್ನಿಸಲಿಲ್ಲ. ಈ ಔಷಧದ ವಿವರದಲ್ಲಿ ಹೀಗಿದೆ: 5 ಮಿಲಿಗ್ರಾಂನ ಒಂದೇ ಡೋಸ್ ಕೊಟ್ಟ ಮೇಲೆ ಪ್ಯಾರಾಸಿಟಮಾಲ್ ನುಂಗಿಸಿ ನೋಡಿದಾಗ ರಕ್ತದಲ್ಲಿ ಅದು ಏರುವ ಗರಿಷ್ಠ ಮಟ್ಟ ಅರ್ಧಕ್ಕೆ ಇಳಿದಿತ್ತು, ಆ ಮಟ್ಟ ಮುಟ್ಟಲು ಒಂದು ಗಂಟೆ ಹೆಚ್ಚು ಹಿಡಿದಿತ್ತು. ನಾಲ್ಕು ವಾರ ಕಳೆದ ಮೇಲೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ತೂಬು ಒಗ್ಗಿಕೊಂಡು ಮತ್ತೆ ಸಡಿಲವಾಗುತ್ತದೆ. ಆದರೆ ಡೋಸ್ ಏರಿಸಿದಾಗ ಮತ್ತೆ ಬಿಗಿಯುತ್ತದೆ. ಈ ಔಷಧ ಶುರುವಾಗುವುದು 2.5ರಿಂದ, ನಾಲ್ಕು ವಾರಕ್ಕೆ 5, ಆಮೇಲೆ ಬೇಕಿದ್ದರೆ 7.5, ಹೀಗೆ 15ರವರೆಗೆ. ಅಂದರೆ ಏರಿಸಿದ ಪ್ರತಿ ಸಲವೂ ಬೇರೆ ಮಾತ್ರೆಗಳ ಲೆಕ್ಕ ಹೊಸದಾಗಿ ಹಾಕಬೇಕು.

ಪ್ಯಾರಾಸಿಟಮಾಲ್ ಒಂದು ಗಂಟೆ ತಡವಾದರೆ ತಲೆನೋವು ಒಂದು ಗಂಟೆ ಹೆಚ್ಚು ಇರುತ್ತದೆ, ಅಷ್ಟೇ. ಅದೇ ಹಾಳೆಯಲ್ಲಿ ಗರ್ಭನಿರೋಧಕ ಮಾತ್ರೆಯ ಅಂಕಿಗಳೂ ಇವೆ. ಅದರಲ್ಲಿರುವ ಹಾರ್ಮೋನುಗಳ ಗರಿಷ್ಠ ಮಟ್ಟ ಶೇಕಡಾ 55ರಿಂದ 66ರಷ್ಟು ಇಳಿದಿತ್ತು, ಒಟ್ಟು ರಕ್ತಕ್ಕೆ ಸೇರಿದ ಪ್ರಮಾಣ ಶೇಕಡಾ 20ರ ಆಸುಪಾಸು ಕಡಿಮೆಯಾಗಿತ್ತು, ಎರಡೂವರೆಯಿಂದ ನಾಲ್ಕೂವರೆ ಗಂಟೆ ತಡವಾಗಿತ್ತು. ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುವವರು ಇಂಜೆಕ್ಷನ್ ಶುರುವಾದ ನಾಲ್ಕು ವಾರ, ಹಾಗೂ ಡೋಸ್ ಏರಿಸಿದ ಪ್ರತಿ ಸಲ ನಾಲ್ಕು ವಾರ, ಕಾಂಡೋಮಿನಂಥ ಇನ್ನೊಂದು ರಕ್ಷಣೆ ಸೇರಿಸಿಕೊಳ್ಳಬೇಕು ಅಥವಾ ನುಂಗುವಂಥದ್ದಲ್ಲದ ವಿಧಾನಕ್ಕೆ ಬದಲಾಗಬೇಕು ಎಂದು ಸ್ಪಷ್ಟವಾಗಿ ಬರೆದಿದೆ.

ಡಾಕ್ಟರು ಪುಟ ತಿರುಗಿಸಿದ್ದು ಈ ಮಾತಿನ ಮೇಲೆ. ಮದುವೆ ಆಗಿಲ್ಲ ಎಂದರೆ ಗರ್ಭನಿರೋಧಕದ ವಿಷಯ ಎತ್ತುವಂತಿಲ್ಲ ಎಂಬ ಸಭ್ಯತೆ ನಮ್ಮಲ್ಲಿದೆ. ಎತ್ತಿದರೆ ಹುಡುಗಿಗೆ ಮುಜುಗರ, ಪಕ್ಕದಲ್ಲಿ ತಾಯಿ ಕೂತಿದ್ದರೆ ಇಬ್ಬರಿಗೂ ಮುಜುಗರ. ಆ ಮುಜುಗರ ನನಗೂ ಅರ್ಥವಾಗುತ್ತದೆ. ನಾನು ಆ ಮಾತ್ರೆ ತೆಗೆದುಕೊಳ್ಳುವುದು ಪಿಸಿಓಎಸ್‌ಗೆ ಎಂದು ಹೇಳಿ ಪಾರಾಗುವುದೂ ಸುಲಭ. ಆದರೆ ಆ ವಿವರಣೆಯನ್ನು ನಾನು ಯಾರಿಗೂ ಕೊಡಬೇಕಾಗಿಲ್ಲ ಎಂದೇ ನನ್ನ ವಾದ. ಮಾತ್ರೆ ಯಾಕೆ ಎಂಬುದು ನನ್ನ ವಿಷಯ. ಮಾತ್ರೆ ಕೆಲಸ ಮಾಡದೇ ಹೋಗಬಹುದು ಎಂಬುದನ್ನು ಹೇಳುವುದು ಅವರ ಕೆಲಸ. ಈ ಔಷಧ ಗರ್ಭ ನಿಂತಾಗ ಬೇಡವೇ ಬೇಡ, ಮೇಲಾಗಿ ಪಿಸಿಓಎಸ್ ಇರುವವರಲ್ಲಿ ತೂಕ ಇಳಿದಂತೆ ನಿಂತುಹೋಗಿದ್ದ ಅಂಡೋತ್ಪತ್ತಿ ಮರಳಿ ಶುರುವಾಗಬಹುದು. ಒಂದು ಕಡೆ ಮಾತ್ರೆ ದುರ್ಬಲ, ಇನ್ನೊಂದು ಕಡೆ ಗರ್ಭ ನಿಲ್ಲುವ ಸಂಭವ ಹೆಚ್ಚು.

ನನಗೆ ಮಾತ್ರೆ ಬರೆದಿದ್ದ ಸ್ತ್ರೀರೋಗ ತಜ್ಞೆಯ ಹತ್ತಿರ ಆ ಹಾಳೆಯನ್ನು ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಮಾತ್ರೆ ಮುಂದುವರಿಸಿ, ನಾಲ್ಕು ವಾರದ ನಿಯಮ ಪಾಲಿಸಿ, ಡೋಸ್ ಏರಿಸುವ ಮೊದಲು ನನಗೊಂದು ಫೋನ್ ಮಾಡಿ ಎಂದರು. ಮದುವೆಯ ಮಾತು ಬರಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮಿನ ಗೆಳತಿಗೆ ಮದುವೆಯಾಗಿದೆ, ಗಂಡ ಬೇರೆ ಊರಿನಲ್ಲಿ, ಅವಳೂ ಇದೇ ಮಾತ್ರೆ, ಅವಳೂ ಇದೇ ಇಂಜೆಕ್ಷನ್. ಅವಳಿಗೆ ಇಂಜೆಕ್ಷನ್ ಕೊಟ್ಟ ಕ್ಲಿನಿಕ್ಕಿನಲ್ಲಿ ಯಾರೂ ಏನೂ ಹೇಳಿರಲಿಲ್ಲ. ಹಾಳೆ ಅವಳ ರೂಮಿಗೆ ಹೋಗಿ ಒಂದು ವಾರದ ಮೇಲೆ ಕಾಫಿ ಕಲೆ ಹೊತ್ತು ವಾಪಸು ಬಂತು. ಅಷ್ಟರಲ್ಲಿ ಅದು ಇನ್ನೂ ನಾಲ್ಕು ರೂಮು ಸುತ್ತಿತ್ತಂತೆ. ಆಮೇಲೆ ನಾನು ಅದರ ಮುಖ್ಯ ಸಾಲುಗಳನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ಆ ಅನುವಾದ ನನ್ನ ಥೀಸಿಸ್ಸಿನ ಯಾವ ಅಧ್ಯಾಯಕ್ಕಿಂತಲೂ ಹೆಚ್ಚು ಜನ ಓದಿದ್ದು.

‘ಡ್ರಗ್ ಇಂಟರ್‌ಆ್ಯಕ್ಷನ್’ ಎಂಬುದಕ್ಕೆ ಕನ್ನಡದಲ್ಲಿ ಏನು ಹಾಕುವುದು ಎಂದು ಆಗ ತಲೆ ಕೆರೆದುಕೊಂಡಿದ್ದೆ. ಪರಸ್ಪರ ಕ್ರಿಯೆ ಎಂದರೆ ಪಠ್ಯಪುಸ್ತಕದ ವಾಸನೆ. ಕೊನೆಗೆ ‘ಒಂದು ಔಷಧ ಇನ್ನೊಂದರ ಕೆಲಸಕ್ಕೆ ಕೈ ಹಾಕುವುದು’ ಎಂದು ಬರೆದೆ. ನಾನು ಓದುತ್ತಿರುವ ಹಳೆಯ ಗ್ರಂಥಗಳ ಲೋಕದಲ್ಲಿ ಇದಕ್ಕೆ ಹತ್ತಿರದ ಮಾತುಗಳು ಇಲ್ಲದೆ ಇಲ್ಲ. ಔಷಧವನ್ನು ಯಾವುದರ ಜೊತೆ ಸೇವಿಸಬೇಕು, ಜೇನೋ ತುಪ್ಪವೋ ಬಿಸಿನೀರೋ ಎಂಬುದು ಅನುಪಾನ. ಔಷಧ ನಡೆಯುವಷ್ಟು ದಿನ ಏನು ತಿನ್ನಬೇಕು, ಏನು ಬಿಡಬೇಕು ಎಂಬುದು ಪಥ್ಯ. ಒಂದರ ಜೊತೆ ಒಂದು ಕೂಡದು ಎಂಬುದು ವಿರುದ್ಧ, ಚರಕಸಂಹಿತೆಯ ಹಾಲು-ಮೀನಿನ ಉದಾಹರಣೆ ಎಲ್ಲರಿಗೂ ಗೊತ್ತು. ಎಲ್ಲವೂ ನಮ್ಮ ಹಿರಿಯರಿಗೆ ಆಗಲೇ ತಿಳಿದಿತ್ತು ಎನ್ನುವವರ ಸಾಲಿಗೆ ಸೇರುವ ಆಸೆ ನನಗಿಲ್ಲ. ರಕ್ತದಲ್ಲಿ ಹಾರ್ಮೋನಿನ ಮಟ್ಟ ಎಷ್ಟು ಇಳಿಯಿತು ಎಂದು ಅಳೆಯುವುದು ಬೇರೆ, ಜೇನು ತುಪ್ಪ ಸಮ ಪ್ರಮಾಣದಲ್ಲಿ ಬೇಡ ಎನ್ನುವುದು ಬೇರೆ. ನನ್ನ ಆಸಕ್ತಿ ಇನ್ನೊಂದು ಕಡೆಗಿದೆ. ಪಥ್ಯ ಗುಟ್ಟಾಗಿ ನಡೆಯುವಂಥದ್ದಲ್ಲ. ಒಬ್ಬರು ಪಥ್ಯದಲ್ಲಿದ್ದಾರೆ ಎಂದರೆ ಅಡಿಗೆಮನೆಗೆ ಗೊತ್ತಿರುತ್ತದೆ, ಪಕ್ಕದ ಮನೆಗೆ ಗೊತ್ತಿರುತ್ತದೆ, ಮದುವೆ ಮನೆಯಲ್ಲಿ ಬಡಿಸುವವರಿಗೂ ಗೊತ್ತಾಗುತ್ತದೆ. “ಅವರಿಗೆ ಬದನೆಕಾಯಿ ಹಾಕ್ಬೇಡಿ, ಔಷಧಿ ನಡೀತಿದೆ.” ಮರೆತರೂ ನೆನಪಿಸಲು ಹತ್ತು ಬಾಯಿ.

ತೂಕ ಇಳಿಸುವ ಇಂಜೆಕ್ಷನ್ ಇದಕ್ಕೆ ಪೂರಾ ಉಲ್ಟಾ. ನನ್ನ ಅಮ್ಮ ಮೊದಲ ದಿನವೇ ಹೇಳಿದ್ದು, “ಯಾರ್ ಹತ್ರಾನೂ ಹೇಳ್ಬೇಡ ಕಣೇ. ಸಂಬಂಧ ನೋಡೋ ಹೊತ್ನಲ್ಲಿ ಒಂದಕ್ಕೆ ಎರಡು ಮಾಡಿ ಆಡ್ಕೋತಾರೆ.” ದಪ್ಪಗಿರುವುದಕ್ಕೆ ಆಡಿಕೊಂಡವರೇ ಸಣ್ಣಗಾದರೆ ‘ಸೂಜಿ ಚುಚ್ಚಿಸಿಕೊಂಡು ಆದದ್ದು’ ಎಂದು ಆಡಿಕೊಳ್ಳುತ್ತಾರೆ ಎಂಬುದು ಅವಳ ಲೆಕ್ಕ. ತಪ್ಪಲ್ಲ. ನನಗೆ ಗೊತ್ತಿರುವ ಐದಾರು ಜನರಲ್ಲಿ ಮೂವರು ಇಂಜೆಕ್ಷನ್ನನ್ನು ಗಂಡನಿಗೂ ಹೇಳದೆ ತೆಗೆದುಕೊಳ್ಳುತ್ತಿದ್ದಾರೆ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡಬೇಕಾದ ವಸ್ತುವನ್ನು ಮನೆಯವರ ಕಣ್ಣಿಗೆ ಬೀಳದಂತೆ ಇಡುವುದು ಎಂದರೆ ಅದೇ ಒಂದು ಸಂಶೋಧನೆ. ನಮ್ಮ ಮೆಸ್ಸಿನ ಫ್ರಿಜ್ಜಿನಲ್ಲಿ ನನ್ನದು ದೋಸೆಹಿಟ್ಟಿನ ಹಿಂದೆ ಒಂದು ಹಳೆಯ ಟಿಫಿನ್ ಡಬ್ಬಿಯಲ್ಲಿರುತ್ತದೆ, ಮೇಲೆ ದೊಡ್ಡದಾಗಿ ‘ಔಷಧಿ’ ಎಂದು ಬರೆದಿದ್ದೇನೆ. ಅಡಿಗೆಯ ಅಕ್ಕ ಅದನ್ನು ಇನ್ಸುಲಿನ್ ಎಂದುಕೊಂಡು ನನ್ನ ಅನ್ನಕ್ಕೆ ಕತ್ತರಿ ಹಾಕಿದ್ದರು. ಇದು ಏನು ಎಂದು ವಿವರಿಸಿದ ಮೇಲೂ ಅನ್ನ ವಾಪಸು ಬರಲಿಲ್ಲ.

ಡಿಸೆಂಬರಿನ ಹೊತ್ತಿಗೆ ತೂಕ 78ಕ್ಕೆ ಇಳಿದಿತ್ತು. ಆಗ ಎದೆ ಡವಡವ ಶುರುವಾಯಿತು. ಲೈಬ್ರರಿಯಲ್ಲಿ ಸುಮ್ಮನೆ ಕೂತಾಗಲೂ ಮೆಟ್ಟಿಲು ಹತ್ತಿ ಬಂದಂತೆ. ಕೈ ಬೆವರು, ರಾತ್ರಿ ನಿದ್ದೆ ಇಲ್ಲ. ಗೈಡ್‌ಗೆ ಮೂರನೇ ಅಧ್ಯಾಯ ಕೊಡಬೇಕಾದ ತಿಂಗಳದು, ಆದ್ದರಿಂದ ಎಲ್ಲರೂ ಟೆನ್ಷನ್ ಎಂದರು. ಇಂಜೆಕ್ಷನ್ನೇ ನಾಡಿಬಡಿತವನ್ನು ಸ್ವಲ್ಪ ಏರಿಸುತ್ತದೆ, ಅದೂ ಇರಬಹುದು. ಫಿಲ್ಟರ್ ಕಾಫಿಯನ್ನೂ ಅನುಮಾನಿಸಿದ್ದಾಯಿತು. ಆದರೆ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಥೈರಾಕ್ಸಿನ್ ಇತ್ತಲ್ಲ, ಆ ಮಾತ್ರೆಯ ಡೋಸ್ ನಿಗದಿಯಾಗುವುದರಲ್ಲಿ ಮೈತೂಕದ ಪಾಲಿದೆ. ಗ್ರಂಥಿ ಪೂರ್ತಿ ಕೈಕೊಟ್ಟವರಿಗೆ ಕೆ.ಜಿ.ಗೆ ಸುಮಾರು 1.6 ಮೈಕ್ರೋಗ್ರಾಂ ಎಂಬುದು ಡಾಕ್ಟರುಗಳ ಲೆಕ್ಕ. ತೂಕ ಹದಿಮೂರು ಕೆ.ಜಿ. ಇಳಿದರೂ ಮಾತ್ರೆ ಹಳೆಯ ತೂಕಕ್ಕೇ ನಡೆಯುತ್ತಿತ್ತು. ಟಿಎಸ್‌ಎಚ್ ಮಾಡಿಸಿದರೆ 0.2, ಇರಬೇಕಾದ್ದಕ್ಕಿಂತ ತುಂಬ ಕೆಳಗೆ. ಎಂದರೆ ಥೈರಾಕ್ಸಿನ್ ಹೆಚ್ಚಾಗಿದೆ ಎಂದರ್ಥ. ಡಾಕ್ಟರು 100ರಿಂದ 88ಕ್ಕೆ ಇಳಿಸಿ ಆರು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಮೂರನೇ ವಾರಕ್ಕೆ ಡವಡವ ನಿಂತಿತು. ಅಧ್ಯಾಯ ಮಾತ್ರ ಇನ್ನೂ ಗೈಡ್ ಮೇಜಿನ ಮೇಲೆ ಹಾಗೇ ಇದೆ.

ಇದನ್ನು ಒಂದು ಔಷಧ ಇನ್ನೊಂದರ ಕೆಲಸಕ್ಕೆ ಕೈ ಹಾಕುವುದು ಎನ್ನಬಹುದೇ? ನೇರವಾಗಿ ಅಲ್ಲ. ಇಂಜೆಕ್ಷನ್ ಥೈರಾಕ್ಸಿನ್ನನ್ನು ಮುಟ್ಟಲಿಲ್ಲ, ನನ್ನನ್ನು ಬದಲಾಯಿಸಿತು, ಬದಲಾದ ನನಗೆ ಹಳೆಯ ಅಳತೆ ಹೊಂದಲಿಲ್ಲ. ಬಿ.ಪಿ. ಮಾತ್ರೆಯವರಿಗೂ ಇದೇ. ತೂಕ ಇಳಿದಂತೆ ಬಿ.ಪಿ.ಯೂ ಇಳಿಯುತ್ತದೆ, ಮಾತ್ರೆ ಹಳೆಯದೇ ಇದ್ದರೆ ಎದ್ದು ನಿಂತಾಗ ಕಣ್ಣು ಕತ್ತಲೆ. ಜೊತೆಗೆ ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಕಿಡ್ನಿಗೆ ಪೆಟ್ಟು. ಇಂಥವು ಹಾಳೆಯಲ್ಲಿ ‘ಇಂಟರ್‌ಆ್ಯಕ್ಷನ್’ ಎಂಬ ತಲೆಬರಹದ ಕೆಳಗಷ್ಟೇ ಸಿಗುವುದಿಲ್ಲ, ಅಲ್ಲಲ್ಲಿ ಚದುರಿಹೋಗಿರುತ್ತವೆ. ಒಂದೇ ಬಗೆಯ ಔಷಧವೂ ರೂಪ ಬದಲಾದರೆ ಬೇರೆ ಆಟ ಆಡುತ್ತದೆ. ಇದರ ದಾಯಾದಿ ಸೆಮಾಗ್ಲುಟೈಡನ್ನು ಇಂಜೆಕ್ಷನ್ನಿನ ಬದಲು ಮಾತ್ರೆಯಾಗಿ ನುಂಗಿದವರಲ್ಲಿ ಥೈರಾಕ್ಸಿನ್ ಮೈಗೆ ಸೇರುವ ಪ್ರಮಾಣ ಶೇಕಡಾ 33ರಷ್ಟು ಹೆಚ್ಚಿತ್ತು.

ನನ್ನ ಪಟ್ಟಿ ಇಷ್ಟು ಹೊತ್ತಿಗೆ ಒಂದು ಪಾಕೆಟ್ ಡೈರಿ ಆಗಿತ್ತು. ಔಷಧದ ಹೆಸರು, ಅಳತೆ, ಯಾಕೆ, ಯಾರು ಬರೆದದ್ದು, ಯಾವ ತಾರೀಕಿನಿಂದ. ಕೊನೆಯ ಡೋಸಿನ ತಾರೀಕು ಬೇರೆ ಬಣ್ಣದಲ್ಲಿ. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿ ಮಾಡುವವರ ಅಭ್ಯಾಸ, ಗರಿ ಎಷ್ಟು, ಸಾಲು ಎಷ್ಟು, ಎಲ್ಲಿ ಹುಳು ತಿಂದಿದೆ ಎಂದೆಲ್ಲ ಬರೆಯುತ್ತೇವಲ್ಲ, ಹಾಗೆ.

ಫೆಬ್ರವರಿಯಲ್ಲಿ ಡೋಸ್ 7.5ಕ್ಕೆ ಏರಿತು. ಎರಡನೇ ಡೋಸ್ ತೆಗೆದುಕೊಂಡದ್ದು ಭಾನುವಾರ, ಮಂಗಳವಾರ ಸಂಜೆ ಮಾನಸಗಂಗೋತ್ರಿಯ ರಸ್ತೆಯಲ್ಲಿ ನಾಯಿಗೆ ಅಡ್ಡ ಬರಬಾರದೆಂದು ಬ್ರೇಕ್ ಹಾಕಿದ ಸ್ಕೂಟಿ ಜಾರಿ ಎಡಗೈ ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಬೇಕು ಎಂದರು. ಬುಧವಾರ ಬೆಳಿಗ್ಗೆ ಅರಿವಳಿಕೆ ಡಾಕ್ಟರು ಬಂದರು, ನಲವತ್ತು ದಾಟದ, ಮೆಲ್ಲಗೆ ಮಾತಾಡುವ ಮನುಷ್ಯ. ರಾತ್ರಿಯಿಂದ ಏನೂ ತಿಂದಿಲ್ಲ ತಾನೇ ಎಂದರು. ಇಲ್ಲ ಸರ್ ಎಂದೆ. ಆಮೇಲೆ ಅದೇ ಪ್ರಶ್ನೆ, ಮಾತ್ರೆ ಏನಾದ್ರೂ ತಗೋತಿದೀರಾ? ನಾನು ಬಲಗೈಯಲ್ಲಿ ಡೈರಿ ಕೊಟ್ಟೆ. ಮೇಲಿನಿಂದ ಓದುತ್ತ ಬಂದವರು ಟಿರ್ಜೆಪಟೈಡ್ ಎಂಬಲ್ಲಿ ನಿಂತರು.

“ಕೊನೇ ಡೋಸ್ ಮೊನ್ನೆ ಭಾನುವಾರಾನಾ? ಏರಿಸಿ ಎಷ್ಟು ದಿನ ಆಯ್ತು?”

“ಎರಡು ವಾರ ಆಗ್ತಾ ಬಂತು ಸರ್. ಹೊಟ್ಟೆ ತೊಳೆಸೋದು ಇನ್ನೂ ಇದೆ.”

ಅವರು ಕುರ್ಚಿ ಎಳೆದು ಕೂತರು. ಪೂರ್ತಿ ಅರಿವಳಿಕೆ ಕೊಟ್ಟಾಗ ಕೆಮ್ಮುವ, ನುಂಗುವ ಎಚ್ಚರ ಇರುವುದಿಲ್ಲ. ಹೊಟ್ಟೆಯಲ್ಲಿ ಏನಾದರೂ ಉಳಿದಿದ್ದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದು ಜೀವಕ್ಕೇ ಅಪಾಯ. ಅದಕ್ಕೇ ರಾತ್ರಿಯಿಂದ ಉಪವಾಸ ಇರಿಸುವುದು. ಆದರೆ ಈ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಉಪವಾಸವಿದ್ದರೂ ಹೊಟ್ಟೆ ಖಾಲಿ ಎಂದು ನಂಬುವಂತಿಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರ ಜೂನ್‌ನಲ್ಲಿ ವಾರದ ಇಂಜೆಕ್ಷನ್ನನ್ನು ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲು ನಿಲ್ಲಿಸಿ ಎಂದಿತ್ತು. 2024ರ ಅಕ್ಟೋಬರಿನಲ್ಲಿ ಬೇರೆ ಸಂಘಗಳೂ ಸೇರಿ, ಹೆಚ್ಚಿನವರು ನಿಲ್ಲಿಸಬೇಕಾಗಿಲ್ಲ, ಒಬ್ಬೊಬ್ಬರನ್ನೂ ನೋಡಿ ತೀರ್ಮಾನಿಸಿ, ಅಪಾಯ ಹೆಚ್ಚಿರುವವರಿಗೆ ಹಿಂದಿನ 24 ಗಂಟೆ ದ್ರವಾಹಾರ ಕೊಡಿ ಎಂದವು. ಡೋಸ್ ಏರಿಸುವ ಹಂತದಲ್ಲಿರುವವರು, ಹೊಟ್ಟೆ ತೊಳೆಸುವವರು ಆ ಅಪಾಯದ ಗುಂಪಿನವರು. ನಾನು ಎರಡೂ ಆಗಿದ್ದೆ. ಹಿಂದಿನ ಮಧ್ಯಾಹ್ನ ಬಿಸಿಬೇಳೆ ಬಾತ್ ಬೇರೆ ತಿಂದಿದ್ದೆ.

“ಪೂರ್ತಿ ಮಲಗಿಸೋದು ಬೇಡ, ಕೈ ಒಂದನ್ನೇ ಮರಗಟ್ಟಿಸಿ ಮಾಡೋಣ. ನೀವು ಎಚ್ಚರ ಇರ್ತೀರಿ, ಹೆದ್ರಿಕೆ ಇಲ್ಲ ತಾನೇ?” ಎಂದರು. ಏಳುವ ಮೊದಲು, “ಜನ ಇದನ್ನ ಹೇಳೋದೇ ಇಲ್ಲ. ಮುಚ್ಚಿಡ್ತಾರೆ ಅಂತ ಅಲ್ಲ, ಇದೂ ಒಂದು ಔಷಧಿ ಅನ್ನೋದು ತಲೇಲಿ ಇರಲ್ಲ” ಎಂದರು. ಪರದೆಯ ಆಚೆ ನನ್ನದೇ ಕೈಗೆ ಡ್ರಿಲ್ ಮಾಡುವ ಸದ್ದು ಕೇಳುತ್ತ ಮಲಗಿದ್ದ ಆ ಮುಕ್ಕಾಲು ಗಂಟೆಯನ್ನು ಬೇರೆ ಯಾವಾಗಲಾದರೂ ಬರೆಯುತ್ತೇನೆ.

ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಡೈರಿಗೆ ಇನ್ನೊಂದು ಸಾಲು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಕ್ಸಿನ್ನಿನಿಂದ ನಾಲ್ಕು ಗಂಟೆ ದೂರ ಇರಬೇಕು, ಅವೆರಡೂ ಒಟ್ಟಿಗೆ ಬೇಡ, ಕಾಫಿಯೂ ಥೈರಾಕ್ಸಿನ್ ನುಂಗಿ ಒಂದು ಗಂಟೆಯ ಮೇಲೆ. ಹಾಸ್ಟೆಲ್ ಟೈಮ್‌ಟೇಬಲ್ಲಿನ ಪಕ್ಕ ನನ್ನದೊಂದು ಟೈಮ್‌ಟೇಬಲ್. ನೋವಿಗೆ ಬೇರೆ ಮಾತ್ರೆ ಬರೆಯಲು ಹೋದವರು, ನಾನು ಸರಿಯಾಗಿ ನೀರೂ ಕುಡಿಯಲಾಗದೆ ವಾಂತಿ ಮಾಡುತ್ತಿದ್ದುದನ್ನು ನೋಡಿ, ಕಿಡ್ನಿಗೆ ಬೇಡ ಎಂದು ಪ್ಯಾರಾಸಿಟಮಾಲ್‌ಗೇ ನಿಲ್ಲಿಸಿದರು. ಮೆಟ್‌ಫಾರ್ಮಿನ್ನೂ ಹೊಟ್ಟೆ ಕೆಡಿಸುವುದರಲ್ಲಿ ಹಿಂದೆ ಬಿದ್ದದ್ದಲ್ಲ, ಅದನ್ನು ಅರ್ಧ ಮಾಡಿದರು.

ಕೈಗೆ ಪಟ್ಟಿ ಕಟ್ಟಿಕೊಂಡು ಟೈಪ್ ಮಾಡಲಾಗದ ಆ ದಿನಗಳಲ್ಲಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮತ್ತೆ ತೆರೆದಿದ್ದೆ. ಹದಿನಾಲ್ಕನೇ ಶತಮಾನದ ಈ ಕನ್ನಡ ಗ್ರಂಥದ ವಸ್ತು ವಿಷಚಿಕಿತ್ಸೆ. ನನ್ನ ಹೊಟ್ಟೆಗೆ ಚುಚ್ಚಿಕೊಳ್ಳುವ ಈ ಔಷಧಗಳ ವಂಶಕ್ಕೂ ವಿಷಕ್ಕೂ ನಂಟಿದೆ. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯೊಂದಿದೆ. 1992ರಲ್ಲಿ ಜಾನ್ ಎಂಗ್ ಎಂಬ ವೈದ್ಯ ಅದರ ವಿಷದಲ್ಲಿ ನಮ್ಮ ಕರುಳಿನ ಹಾರ್ಮೋನನ್ನೇ ಹೋಲುವ ವಸ್ತುವನ್ನು ಕಂಡುಹಿಡಿದರು. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಮಧುಮೇಹಕ್ಕೆ ಒಪ್ಪಿಗೆ ಪಡೆಯಿತು, ಈ ಬಗೆಯ ಔಷಧಗಳಲ್ಲಿ ಮೊದಲನೆಯದು. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಬಾರದು ಎಂಬುದಕ್ಕೆ ಅದೇ ಉದಾಹರಣೆ. “ಹಲ್ಲಿ ವಿಷಾನಾ ಚುಚ್ಕೋತಿರೋದು ನೀನು!”

ಹಾಗೆಂದವಳೇ ತಿಂಗಳು ತುಂಬುವಷ್ಟರಲ್ಲಿ, “ನಂಗೂ ಕೊಡ್ಸೇ, ಮಂಡಿ ನೋವಾದ್ರೂ ಕಮ್ಮಿ ಆಗುತ್ತೇನೋ” ಎಂದಳು. ಅಮ್ಮನಿಗೆ ಐವತ್ತಾರು, ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಒಬ್ಬಳೇ ಇರುತ್ತಾಳೆ. ಅಣ್ಣ ದುಡ್ಡು ಕಳಿಸಲು ಒಪ್ಪಿದ. ನಾನು ಡೈರಿಯ ಹಾಗೆಯೇ ಅವಳದ್ದೊಂದು ಪಟ್ಟಿ ಮಾಡಿ ಡಾಕ್ಟರ ಮುಂದೆ ಇಟ್ಟೆ. ಅದರಲ್ಲಿ ಗ್ಲಿಮಿಪಿರೈಡ್ ಇತ್ತು. ಇದು ಇನ್ಸುಲಿನ್ ಸುರಿಸುವ ಮಾತ್ರೆ. ಇಂಜೆಕ್ಷನ್ ಒಂದೇ ಆದರೆ ಸಕ್ಕರೆ ತೀರಾ ಕುಸಿಯುವುದು ಅಪರೂಪ, ಈ ಮಾತ್ರೆಯೋ ಇನ್ಸುಲಿನ್ನೋ ಜೊತೆಗಿದ್ದರೆ ಕುಸಿಯುವ ಭಯ ಹೆಚ್ಚು. ಡಾಕ್ಟರು ಅದನ್ನು ನೋಡಿದವರೇ 2 ಮಿಲಿಗ್ರಾಂನಿಂದ 1ಕ್ಕೆ ಇಳಿಸಿದರು, ದಿನಾ ಮೀಟರಿನಲ್ಲಿ ನೋಡಿ ಬರೆದಿಡಿ ಎಂದರು. ಎಲ್ಲ ಸರಿಯಾಗಿತ್ತು.

ಮೂರನೇ ವಾರ, ಬೆಳಿಗ್ಗೆ ಹನ್ನೊಂದೂವರೆಗೆ ಪಕ್ಕದ ಮನೆಯ ಅತ್ತೆ ಫೋನ್ ಮಾಡಿದರು. ಅಮ್ಮ ದೇವರ ಮನೆಯ ಹೊಸ್ತಿಲ ಮೇಲೆ ಬೆವರಿ ನಡುಗುತ್ತ ಕೂತಿದ್ದಾಳೆ, ಮಾತು ತೊದಲುತ್ತಿದೆ. ಮೀಟರಿನಲ್ಲಿ 58. ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಮತ್ತೆ ಕುಡಿಸಿ, 90 ದಾಟುವವರೆಗೆ ನಾನು ಫೋನ್ ಇಡಲಿಲ್ಲ. ಅವತ್ತು ಶನಿವಾರ. ಶನಿವಾರ ಅಮ್ಮ ಬೆಳಿಗ್ಗೆ ಏನೂ ಮುಟ್ಟುವುದಿಲ್ಲ. ತಲೆಗೆ ನೀರು ಹಾಕಿಕೊಂಡು, ಪೂಜೆ ಮುಗಿಸಿ, ಮಧ್ಯಾಹ್ನ ಒಂದು ಹೊತ್ತು ಊಟ. ಅಣ್ಣನ ಕೆಲಸಕ್ಕೆ ಹರಕೆ ಹೊತ್ತದ್ದು, ಕೆಲಸ ಸಿಕ್ಕಿ ಆರು ವರ್ಷವಾದರೂ ಬಿಟ್ಟಿಲ್ಲ. ಗ್ಲಿಮಿಪಿರೈಡ್ ಮಾತ್ರ ಡಾಕ್ಟರು ಹೇಳಿದಂತೆ ಬೆಳಿಗ್ಗೆಯೇ. ಇಷ್ಟು ವರ್ಷ ಅದು ಹೇಗೋ ನಡೆದುಕೊಂಡು ಬಂದಿತ್ತು, ಹಸಿವೆಯನ್ನೇ ಕಿತ್ತುಹಾಕುವ ಇಂಜೆಕ್ಷನ್ ಸೇರಿದ ಮೇಲೆ ಶುಕ್ರವಾರ ರಾತ್ರಿಯ ಊಟವೂ ಎರಡು ತುತ್ತಿಗೆ ಇಳಿದಿತ್ತು. ಮಾತ್ರೆ ಏನಾದ್ರೂ ತಗೋತೀರಾ ಎಂದು ಕೇಳಿದರೆ ಶನಿವಾರ ಎಂದು ಯಾರು ಉತ್ತರ ಕೊಡುತ್ತಾರೆ? ಯಾವ ಚೀಟಿಯಲ್ಲೂ ಅದಕ್ಕೆ ಜಾಗವಿಲ್ಲ.

ಡಾಕ್ಟರು ಗ್ಲಿಮಿಪಿರೈಡ್ ಪೂರ್ತಿ ನಿಲ್ಲಿಸಿದರು, ಬೆಳಿಗ್ಗೆ ತಿಂಡಿ ತಿನ್ನಲೇಬೇಕು ಎಂದರು. ಮಾತ್ರೆ ಬಿಡುವುದಕ್ಕೆ ಅಮ್ಮ ತಕ್ಷಣ ಒಪ್ಪಿದಳು. ತಿಂಡಿಗೆ ಒಪ್ಪಲಿಲ್ಲ. “ದೇವ್ರಿಗೆ ಮಾತು ಕೊಟ್ಟಿದೀನಿ ಕಣೇ, ಡಾಕ್ಟ್ರಿಗೇನು ಗೊತ್ತು.” ಎರಡು ದಿನ ಫೋನಿನಲ್ಲಿ ಜಗಳ. ನಾನು ವೈದ್ಯಶಾಸ್ತ್ರ ಹೇಳಿದೆ, ಅಣ್ಣ ರೇಗಿದ. ಯಾವುದೂ ನಡೆಯಲಿಲ್ಲ. ಕೊನೆಗೆ ದಾರಿ ಹುಡುಕಿದ್ದು ಅವಳೇ.

ಮುಂದಿನ ಶನಿವಾರ ಎಂಟು ಗಂಟೆಗೆ ಫೋನ್ ಬಂತು. “ಎರಡು ಇಡ್ಲಿ ತಿಂದೆ. ತಪ್ಪು ಕಾಣಿಕೆ ಹನ್ನೊಂದು ರೂಪಾಯಿ ಹಳದಿ ಬಟ್ಟೇಲಿ ಕಟ್ಟಿ ಇಟ್ಟಿದೀನಿ. ವಾರಾ ವಾರಾ ಇಡ್ತೀನಿ, ಹೋದಾಗ ಹುಂಡಿಗೆ ಹಾಕಿದ್ರಾಯ್ತು. ನಿನ್ನ ಪುಸ್ತಕದಲ್ಲಿ ಇದನ್ನೂ ಬರ್ಕೋ.”